ಹಳೇ ಕಟ್ಟಡದ ಮೇಲಿರೋ ಖಾಲಿ ಆಕಾಶ ಯಾರದ್ದು?

ಯಾವ ಊರಲ್ಲಾದ್ರೂ ನೋಡಿ, ನೂರು ವರ್ಷದ ಕಟ್ಟಡ ಇರೋ ಸೈಟಿಗೆ ಅಪಾರ್ಟ್‌ಮೆಂಟ್ ಪ್ಲ್ಯಾನ್ ಬಂತು ಅಂದ್ರೆ ಊರು ಎರಡು ಪಾಲಾಗಿಬಿಡುತ್ತೆ. ಒಂದು ಕಡೆಯವರು ಇತಿಹಾಸ ಉಳಿಸಿ ಅಂತ ಬೋರ್ಡ್ ಹಿಡ್ಕೊಂಡು ನಿಲ್ತಾರೆ, ಇನ್ನೊಂದು ಕಡೆಯವರು ಜನಕ್ಕೆ ತಲೆ ಮೇಲೆ ಸೂರಿಲ್ಲ ನಿಮಗೆ ಕಮಾನು ಕಿಟಕಿ ಚಿಂತೆನಾ ಅಂತ ಬೈತಾರೆ. ಇವರ ಕಣ್ಣಿಗೆ ಅವರು ದುಡ್ಡಿಗೋಸ್ಕರ ಏನು ಬೇಕಾದ್ರೂ ಕೆಡವೋರು, ಅವರ ಕಣ್ಣಿಗೆ ಇವರು ಸ್ವಂತ ಮನೆ ಇಟ್ಕೊಂಡು ಇನ್ನೊಬ್ಬರಿಗೆ ಮನೆ ಬೇಡ ಅನ್ನೋರು. ನನಗೆ ಹಳೇ ಕಟ್ಟಡ ಅಂದ್ರೆ ಪ್ರಾಣ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೂ ಈ ಜಗಳಗಳನ್ನ ಓದ್ತಾ ಓದ್ತಾ ನನಗೆ ಬಲವಾಗಿ ಅನ್ಸಿರೋದು ಏನಂದ್ರೆ, ಎರಡೂ ಕಡೆಯವರು ಚಂದ, ನೆನಪು, ಅಭಿವೃದ್ಧಿ ಅಂತೆಲ್ಲ ಗಂಟೆಗಟ್ಟಲೆ ಮಾತಾಡ್ತಾರೆ, ಉಳಿಸೋ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದನ್ನ ಮಾತ್ರ ಎತ್ತೋದೇ ಇಲ್ಲ. ಆ ಲೆಕ್ಕ ಒಂದು ಸರಿಯಾದ್ರೆ ಈ ಜಗಳದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದುಹೋಗುತ್ತೆ ಅನ್ನೋದು ನನ್ನ ನಂಬಿಕೆ.

ಮೊದಲು ಮನೆ ಬೇಕು ಅನ್ನೋರ ಮಾತು ತಗೊಳ್ಳೋಣ, ಯಾಕಂದ್ರೆ ಹಳೇ ಕಟ್ಟಡ ಪ್ರೀತಿಸೋ ನನ್ನಂಥವರು ಅದನ್ನ ತುಂಬಾ ಸಲ ಕೇಳಿಸ್ಕೊಳ್ಳೋದೇ ಇಲ್ಲ. ಊರಿನ ಮಧ್ಯದಲ್ಲಿ ಕೆಲಸ ಇದೆ, ಬಸ್ಸು ಮೆಟ್ರೋ ಇದೆ, ಆಸ್ಪತ್ರೆ ಇದೆ, ಅಲ್ಲೇ ಹೊಸ ಮನೆ ಕಟ್ಟೋಕೆ ಬಿಡಲ್ಲ ಅಂದ್ರೆ ಇರೋ ಮನೆಗಳ ಬಾಡಿಗೆ ಏರುತ್ತೆ, ಕೈಲಿ ಕಾಸು ಕಡಿಮೆ ಇರೋರು ಊರಾಚೆ ಹೋಗಿ ದಿನಾ ಎರಡು ಎರಡು ಗಂಟೆ ಓಡಾಡ್ತಾರೆ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್ ಇದನ್ನೇ ಹೇಳ್ತಾ ಬಂದಿರೋದು, ದೊಡ್ಡ ದೊಡ್ಡ ಏರಿಯಾಗಳನ್ನ ಹೆರಿಟೇಜ್ ಅಂತ ಬೀಗ ಹಾಕಿದ್ರೆ ಅಲ್ಲಿ ಶ್ರೀಮಂತರು ಮಾತ್ರ ಉಳ್ಕೋತಾರೆ ಅಂತ. ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್ ನೋಡಿ. ಹಳೇ ಕಟ್ಟಡಗಳ ಪರವಾಗಿ ಅತ್ಯಂತ ಗಟ್ಟಿಯಾಗಿ ವಾದ ಮಾಡಿದ ಲೇಖಕಿ ಜೇನ್ ಜೇಕಬ್ಸ್ ಇದ್ದದ್ದು ಅಲ್ಲೇ, ಹಳೇ ಕಟ್ಟಡದಲ್ಲಿ ಬಾಡಿಗೆ ಕಡಿಮೆ ಇರುತ್ತೆ, ಹೊಸದಾಗಿ ಶುರು ಮಾಡೋ ಅಂಗಡಿಗೆ, ಕಲಾವಿದರಿಗೆ, ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಅದೇ ಆಸರೆ ಅನ್ನೋದು ಅವರ ವಾದ. 1969ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳಿದ್ದ ಆ ಏರಿಯಾ ಹಿಸ್ಟಾರಿಕ್ ಡಿಸ್ಟ್ರಿಕ್ಟ್, ಅಂದ್ರೆ ಸಂರಕ್ಷಿತ ಪ್ರದೇಶ ಆಯ್ತು. ಕಟ್ಟಡಗಳು ಉಳಿದ್ವು, ಬೀದಿಗಳು ಇವತ್ತಿಗೂ ಸುಂದರವಾಗೇ ಇವೆ, ಆದ್ರೆ ಅವರು ಯಾರಿಗೋಸ್ಕರ ವಾದ ಮಾಡಿದ್ರೋ ಆ ಜನ ಇವತ್ತು ಅಲ್ಲಿ ಬಾಡಿಗೆ ಕಟ್ಟಿ ಇರೋ ಸ್ಥಿತಿಯಲ್ಲಿಲ್ಲ.

ಇನ್ನೂ ನೋವಿನ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋದ್ದು. ಮಿಷನ್ ಸ್ಟ್ರೀಟ್‌ನಲ್ಲಿ ಒಂದು ಸಾಧಾರಣ ಲಾಂಡ್ರಿ, ಒಂದೇ ಅಂತಸ್ತು, ಅದರ ಮಾಲೀಕರು 75 ಮನೆಗಳ ಅಪಾರ್ಟ್‌ಮೆಂಟ್ ಕಟ್ಟೋಕೆ ಹೊರಟ್ರು. 2018ರಲ್ಲಿ ಆ ಲಾಂಡ್ರಿಗೇ ಐತಿಹಾಸಿಕ ಮಹತ್ವ ಇರಬಹುದು ಅನ್ನೋ ಮಾತೆದ್ದು, ನೂರಕ್ಕೂ ಹೆಚ್ಚು ಪುಟದ ವರದಿ ಬರೆಸಿ, ಕೊನೆಗೆ ಅಂಥದ್ದೇನೂ ಇಲ್ಲ ಅಂತ ಗೊತ್ತಾಯ್ತು. ಅಷ್ಟು ದಿನ ಆ ಮನೆಗಳು ಬರೀ ಪೇಪರ್ ಮೇಲೆ. ಹೆರಿಟೇಜ್ ಅನ್ನೋ ಮಾತನ್ನ ಹೀಗೆ ಅಡ್ಡಗಾಲು ಹಾಕೋಕೆ ಬಳಸಿದಾಗ ನಿಜವಾಗಿ ಉಳಿಯಬೇಕಾದ ಕಟ್ಟಡದ ಪರವಾಗಿ ಮಾತಾಡೋರ ಬಾಯಿಗೂ ಬೆಲೆ ಇಲ್ಲದ ಹಾಗಾಗುತ್ತೆ, ಇದು ನನಗೆ ತುಂಬಾ ಸಿಟ್ಟು ಬರಿಸೋ ವಿಷಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲು. ಹೊಸ ಮನೆಯನ್ನ ಈ ಸೈಟಲ್ಲಿ ಆಗದಿದ್ರೆ ಪಕ್ಕದ ಬೀದಿಯಲ್ಲಿ ಕಟ್ಟಬಹುದು, ಹಳೇ ಕಟ್ಟಡಕ್ಕೆ ಆ ಅನುಕೂಲ ಇಲ್ಲ. ಬ್ರಸೆಲ್ಸ್‌ನಲ್ಲಿ ಆರ್ಕಿಟೆಕ್ಟ್ ವಿಕ್ಟರ್ ಓರ್ಟಾ ಕಾರ್ಮಿಕರ ಪಕ್ಷಕ್ಕೋಸ್ಕರ ಕಟ್ಟಿದ ಮೇಝೋಂ ದ್ಯು ಪೀಪ್ಲ್ ಅಂತ ಒಂದು ಕಟ್ಟಡ ಇತ್ತು, 1899ರದ್ದು, ಬಹುಪಾಲು ಕಬ್ಬಿಣ, ಗಾಜು, ಮೇಲೆ ದೊಡ್ಡ ಸಭಾಂಗಣ, ಕೂಲಿ ಮಾಡೋ ಜನಕ್ಕೆ ಬೆಳಕು ಗಾಳಿ ಸಿಗಲಿ ಅಂತ ಅರಮನೆ ಥರ ಕಟ್ಟಿದ್ದು. 1965ರಲ್ಲಿ ಅದನ್ನ ಕೆಡವೋಕೆ ಹೊರಟಾಗ ಜಗತ್ತಿನ ನೂರಾರು ಆರ್ಕಿಟೆಕ್ಟ್‌ಗಳು ವಿರೋಧಿಸಿದ್ರು. ಸಮಾಧಾನಕ್ಕೆ ಅಂತ ಏನ್ ಮಾಡಿದ್ರು ಅಂದ್ರೆ, ಬಿಡಿಭಾಗಗಳನ್ನ ಜೋಪಾನವಾಗಿ ಬಿಚ್ಚಿಡ್ತೀವಿ, ಮುಂದೆ ಬೇರೆ ಕಡೆ ಮತ್ತೆ ಜೋಡಿಸ್ತೀವಿ ಅಂದ್ರು. ಬಿಚ್ಚಿದ್ದೇನೋ ನಿಜ. ಆಮೇಲೆ ಆ ಕಬ್ಬಿಣ ಗೋಡೌನ್‌ನಿಂದ ಗೋಡೌನ್‌ಗೆ ಅಲೆದು, ಸ್ವಲ್ಪ ಕಳುವಾಗಿ, ಸ್ವಲ್ಪ ಗುಜರಿಗೆ ಹೋಗಿ ಚೆಲ್ಲಾಪಿಲ್ಲಿ ಆಯ್ತು, ಆ ಜಾಗದಲ್ಲಿ ಈಗ ಒಂದು ಎತ್ತರದ ಟವರ್ ಇದೆ. ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನ ಗತಿಯೂ ಅಷ್ಟೇ, 1910ರಲ್ಲಿ ಬಾಗಿಲು ತೆರೆದ ರೈಲ್ವೆ ನಿಲ್ದಾಣ, 1963ರ ಅಕ್ಟೋಬರ್‌ನಲ್ಲಿ ಕೆಡವೋಕೆ ಶುರು ಮಾಡಿದ್ರು, ಅದರ ಕಂಬಗಳನ್ನೂ ಶಿಲ್ಪಗಳನ್ನೂ ನ್ಯೂಜೆರ್ಸಿಯ ಜೌಗು ನೆಲದಲ್ಲಿ ಸುರಿದು ಬಂದ್ರು. ಆ ಆಘಾತಕ್ಕೇ 1965ರಲ್ಲಿ ನ್ಯೂಯಾರ್ಕ್ ತನ್ನ ಲ್ಯಾಂಡ್‌ಮಾರ್ಕ್ಸ್ ಕಾನೂನು, ಅಂದ್ರೆ ಮಹತ್ವದ ಹಳೇ ಕಟ್ಟಡಗಳನ್ನ ಕಾಪಾಡೋ ಕಾನೂನು ಮಾಡಿದ್ದು. ಕಾನೂನು ಬಂತು, ಸ್ಟೇಷನ್ ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಹತ್ರ ಎರಡು ಅಂತಸ್ತಿನ ಒಂದು ಹಳೇ ಮನೆ ಇದೆ ಅಂದ್ಕೊಳ್ಳಿ, ಆ ಬೀದಿಯಲ್ಲಿ ಎಂಟು ಅಂತಸ್ತು ಕಟ್ಟೋಕೆ ಪರ್ಮಿಷನ್ ಇದೆ. ಪಕ್ಕದ ಸೈಟಿನವರು ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟು ನಾಲ್ಕು ಫ್ಲಾಟ್ ತಗೊಂಡು ಆರಾಮಾಗಿದ್ದಾರೆ. ನಿಮ್ಮ ಮನೆಗೆ ಮಾತ್ರ ಒಂದು ನೋಟಿಸ್ ಬರುತ್ತೆ, ಇದು ಪಾರಂಪರಿಕ ಕಟ್ಟಡ, ಕೆಡವೋ ಹಾಗಿಲ್ಲ, ಕಿಟಕಿ ಬದಲಾಯಿಸೋ ಹಾಗಿಲ್ಲ, ಬಣ್ಣ ಬಳಿಯೋಕೂ ಕಮಿಟಿ ಒಪ್ಪಿಗೆ ಬೇಕು. ಊರಿಗೆಲ್ಲ ಖುಷಿ, ದಾರೀಲಿ ಹೋಗೋರು ನಿಂತು ಫೋಟೋ ತಗೋತಾರೆ. ಸೋರೋ ಮಾಡಿನ ರಿಪೇರಿ ಮಾತ್ರ ನಿಮ್ಮದು. ಅಣ್ಣ ತಮ್ಮಂದಿರ ಪಾಲಿನ ತಕರಾರು ಬೇರೆ ಇದ್ರೆ ಮುಗೀತು, ಯಾರೂ ಒಂದು ಪೈಸೆ ಬಿಚ್ಚಲ್ಲ. ಊರಿಗೆ ಸಿಗೋ ಲಾಭಕ್ಕೆ ಒಂದು ಮನೆಯವರು ದುಡ್ಡು ಕೊಡಬೇಕು ಅನ್ನೋ ಈ ವ್ಯವಸ್ಥೆಯಲ್ಲಿ ಅವರು ಮಾಡೋದು ಒಂದೇ, ಬಾಗಿಲು ಹಾಕ್ಕೊಂಡು ಹೋಗಿ ಮಳೆಗೆ ಬಿಟ್ಟುಬಿಡೋದು.

ಮಳೆ ಆ ಕೆಲಸ ಹೇಗೆ ಮಾಡುತ್ತೆ ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡ್ಬೇಕು. ಮೊದಲು ಮಾಡಿನ ಒಂದು ಹೆಂಚು ಜರುಗುತ್ತೆ, ಇಲ್ಲಾ ನೀರು ಹೋಗೋ ದೋಣಿಯಲ್ಲಿ ಎಲೆ ಕಟ್ಕೊಳ್ಳುತ್ತೆ. ನೀರು ಗೋಡೆ ಒಳಕ್ಕೆ ಇಳಿಯುತ್ತೆ. ಮರದ ತೊಲೆಯ ನಡುಭಾಗ ಗಾಳಿ ಆಡೋ ಜಾಗದಲ್ಲಿರುತ್ತಲ್ಲ, ಅದು ಕಲ್ಲಿನ ಹಾಗೆ ಗಟ್ಟಿಯಾಗೇ ಇರುತ್ತೆ, ಆದ್ರೆ ಅದರ ತುದಿ ಗೋಡೆಯೊಳಗೆ ಹುದುಗಿರುತ್ತೆ, ಅಲ್ಲಿ ಒದ್ದೆ ಆರಲ್ಲ, ತುದಿ ಮಾತ್ರ ಕೊಳೆಯೋಕೆ ಶುರುವಾಗುತ್ತೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಒಂದು ದಿನ ಆ ತುದಿ ಕುಸಿದು ಮೇಲಿನ ನೆಲ ಒಂದು ಕಡೆ ವಾಲುತ್ತೆ. ಇನ್ನು ಯಾರೋ ಒಳ್ಳೇ ಮನಸ್ಸಿಂದಲೇ ಗೋಡೆ ಉದುರ್ತಿದೆ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸ್ತಾರೆ, ಅದು ಇನ್ನೂ ಕೆಟ್ಟದ್ದು. ಹಳೇ ಇಟ್ಟಿಗೆ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿರೋದು, ನೆಲದಿಂದ ಏರಿದ ತೇವ ಗಾರೆಯ ಮೂಲಕ ನಿಧಾನಕ್ಕೆ ಆವಿಯಾಗಿ ಹೊರಗೆ ಹೋಗುತ್ತೆ, ಸಿಮೆಂಟ್ ಮೆತ್ತಿದ್ರೆ ಆ ದಾರಿ ಬಂದ್. ತೇವ ಇನ್ನೂ ಮೇಲಕ್ಕೆ ಏರುತ್ತೆ, ಅದರ ಜೊತೆ ಬಂದ ಉಪ್ಪು ಇಟ್ಟಿಗೆಯ ಒಳಗೇ ಹರಳುಗಟ್ಟಿ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತೆ. ಆಮೇಲೆ ಇಂಜಿನಿಯರ್ ಒಬ್ಬರು ಬಂದು ಕಟ್ಟಡ ಶಿಥಿಲವಾಗಿದೆ, ಅಪಾಯ, ಕೆಡವಿ ಅಂತ ಸರ್ಟಿಫಿಕೇಟ್ ಬರೀತಾರೆ. ಬುಲ್ಡೋಜರ್ ಬರೋ ಎಷ್ಟೋ ವರ್ಷ ಮೊದಲೇ ಆ ಕಟ್ಟಡ ಹೋಗಿರುತ್ತೆ, ಮತ್ತೆ ಅದರಲ್ಲಿ ಎಷ್ಟೋ ಕೇಸಲ್ಲಿ ಬೇಕಂತಲೇ ಬಿಟ್ಟಿರ್ತಾರೆ ಅನ್ನೋದೂ ಎಲ್ಲರಿಗೂ ಗೊತ್ತಿರೋದೇ.

ಬಾಡಿಗೆದಾರರ ವಿಷಯದಲ್ಲೂ ಇದೇ ಕಥೆ. ಮುಂಬೈಯಲ್ಲಿ 1947ರ ಬಾಡಿಗೆ ಕಾಯ್ದೆ ಹಳೇ ಕಟ್ಟಡಗಳ ಬಾಡಿಗೆಯನ್ನ ಇದ್ದಲ್ಲೇ ನಿಲ್ಲಿಸಿಬಿಡ್ತು, ಒಳಗಿದ್ದ ಬಡ ಕುಟುಂಬಗಳಿಗೆ ಅದು ನಿಜವಾಗ್ಲೂ ರಕ್ಷಣೆ ಕೊಡ್ತು, ಆದ್ರೆ ಆ ಬಾಡಿಗೆಯಲ್ಲಿ ಮಾಡು ರಿಪೇರಿ ಮಾಡಿಸೋಕೆ ಮಾಲೀಕರು ತಯಾರಿರಲಿಲ್ಲ, ಕೊನೆಗೆ ಮಳೆಗಾಲದಲ್ಲಿ ಕುಸಿದ ಗೋಡೆಗಳ ಕೆಳಗೆ ಸಿಕ್ಕಿದ್ದು ಅದೇ ಬಡ ಕುಟುಂಬಗಳು. ರಕ್ಷಣೆ ಕೊಡಬೇಕು ಅನ್ನೋ ನಿರ್ಧಾರ ಸರ್ಕಾರದ್ದು, ಅದಕ್ಕೆ ಬೇಕಾದ ದುಡ್ಡು ಬೇರೆ ಯಾರದ್ದೋ ಜೇಬಿಂದ ಬರಲಿ ಅಂದ್ರೆ ಹೀಗೇ ಆಗೋದು.

ತೆರಿಗೆಯಲ್ಲೂ ಇಂಥ ತಲೆಕೆಳಗು ನಿಯಮಗಳಿವೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದ್ರೆ ವ್ಯಾಟ್ ಸೊನ್ನೆ, ಇರೋ ಮನೆ ರಿಪೇರಿ ಮಾಡಿಸಿದ್ರೆ ಸಾಮಾನ್ಯವಾಗಿ 20%. ಸರ್ಕಾರದ ಪಾರಂಪರಿಕ ಪಟ್ಟಿಯಲ್ಲಿರೋ ಕಟ್ಟಡಗಳಲ್ಲಿ ಒಪ್ಪಿಗೆ ಪಡೆದು ಮಾಡೋ ಬದಲಾವಣೆಗೆ ಮೊದಲು ವಿನಾಯಿತಿ ಇತ್ತು, 2012ರಲ್ಲಿ ಅದನ್ನೂ ತೆಗೆದುಹಾಕಿದ್ರು. ಅಂದ್ರೆ ಕೆಡವಿ ಕಟ್ಟೋರಿಗೆ ಸರ್ಕಾರವೇ ರಿಯಾಯಿತಿ ಕೊಟ್ಟ ಹಾಗೆ. ಅಮೆರಿಕದಲ್ಲಿ ಇದಕ್ಕೆ ಉಲ್ಟಾ ಒಂದು ಒಳ್ಳೇ ನಿಯಮ ಇದೆ, ಆದಾಯ ತರೋ ಐತಿಹಾಸಿಕ ಕಟ್ಟಡವನ್ನ ನಿಯಮದ ಪ್ರಕಾರ ಸರಿಪಡಿಸಿದ್ರೆ ಖರ್ಚಿನ 20% ತೆರಿಗೆಯಲ್ಲಿ ವಾಪಸ್ ಸಿಗುತ್ತೆ, ಬಾಡಿಗೆ ಅಪಾರ್ಟ್‌ಮೆಂಟ್ ಮಾಡಿದ್ರೂ ಸಿಗುತ್ತೆ. ಖಾಲಿ ಬಿದ್ದಿದ್ದ ಎಷ್ಟೋ ಹಳೇ ಮಿಲ್ಲು, ಗೋಡೌನು, ಶಾಲೆಗಳು ಈ ಒಂದು ನಿಯಮದ ಬಲದಿಂದಲೇ ಮನೆಗಳಾಗಿವೆ. ಭಾಷಣ ಇಲ್ಲದೆ, ಧರಣಿ ಇಲ್ಲದೆ, ಬಿಲ್ಡರ್ ತಾನಾಗೇ ಹಳೇ ಕಟ್ಟಡ ಹುಡ್ಕೊಂಡು ಬರೋ ಹಾಗೆ ಮಾಡೋ ವ್ಯವಸ್ಥೆ ಇದು.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗಿರೋ ದಾರಿ ಅಂದ್ರೆ ಆಕಾಶ ಮಾರೋದು. ಮೇಲೆ ಹೇಳಿದ ಎರಡು ಅಂತಸ್ತಿನ ಮನೆ ಇದೆಯಲ್ಲ, ಅದರ ಮೇಲೆ ಇನ್ನೂ ಆರು ಅಂತಸ್ತು ಕಟ್ಟೋ ಹಕ್ಕು ಸುಮ್ನೆ ಖಾಲಿ ಬಿದ್ದಿದೆ. ಆ ಹಕ್ಕನ್ನ ಮಾಲೀಕರು ಬೇರೆ ಕಡೆ ಅಪಾರ್ಟ್‌ಮೆಂಟ್ ಕಟ್ಟೋ ಬಿಲ್ಡರ್‌ಗೆ ಮಾರಬಹುದು, ಬಿಲ್ಡರ್ ತನ್ನ ಸೈಟಲ್ಲಿ ಆ ಆರು ಅಂತಸ್ತು ಜಾಸ್ತಿ ಕಟ್ಟಬಹುದು, ಬಂದ ದುಡ್ಡಲ್ಲಿ ಹಳೇ ಮನೆಯ ಮಾಡು ರಿಪೇರಿ ಆಗುತ್ತೆ. ಟಿಡಿಆರ್, ಅಂದ್ರೆ ವರ್ಗಾಯಿಸಬಹುದಾದ ಕಟ್ಟೋ ಹಕ್ಕು ಅಂತಾರಲ್ಲ, ಅದೇ. ಊರಿಗೆ ಬರಬೇಕಾದ ಮನೆಗಳ ಸಂಖ್ಯೆ ಕಡಿಮೆ ಆಗಲಿಲ್ಲ, ಬರೀ ಜಾಗ ಬದಲಾಯ್ತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಉಳಿದದ್ದರ ಹಿಂದೆ ಈ ಲೆಕ್ಕಾಚಾರ ಇದೆ. 1967ರಲ್ಲಿ ಅದಕ್ಕೆ ಲ್ಯಾಂಡ್‌ಮಾರ್ಕ್ ಪಟ್ಟ ಸಿಕ್ತು, ಮಾಲೀಕರಾದ ಪೆನ್ ಸೆಂಟ್ರಲ್ ರೈಲ್ವೆ ಕಂಪನಿಯವರು ಅದರ ತಲೆ ಮೇಲೆ ಐವತ್ತಕ್ಕೂ ಹೆಚ್ಚು ಅಂತಸ್ತಿನ ಟವರ್ ಕಟ್ಟೋಕೆ ಪ್ಲ್ಯಾನ್ ಹಾಕಿದ್ರು, ನಗರದ ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಒಪ್ಪಲಿಲ್ಲ, ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು. 1978ರಲ್ಲಿ ಕೋರ್ಟು 6-3 ಬಹುಮತದಲ್ಲಿ ನಗರದ ಪರವಾಗಿ ತೀರ್ಪು ಕೊಡ್ತು, ನಿಲ್ದಾಣ ಈಗಿರೋ ಹಾಗೇ ಆದಾಯ ತರ್ತಿದೆ, ಜೊತೆಗೆ ಮೇಲಿನ ಹಕ್ಕನ್ನ ಹತ್ತಿರದ ಸೈಟುಗಳಿಗೆ ವರ್ಗಾಯಿಸೋ ಅವಕಾಶ ಇದೆ, ಅದಕ್ಕೂ ಬೆಲೆ ಇದೆ ಅಂತ. ಆಶ್ಚರ್ಯ ಅಂದ್ರೆ ಆ ಹಕ್ಕುಗಳಲ್ಲಿ ದೊಡ್ಡ ಪಾಲು ಮಾರಾಟ ಆಗಿದ್ದು ನಲವತ್ತು ವರ್ಷ ಕಳೆದ ಮೇಲೆ, 2018ರಲ್ಲಿ ಜೆಪಿ ಮಾರ್ಗನ್ ಬ್ಯಾಂಕ್ ಪಾರ್ಕ್ ಅವೆನ್ಯೂದಲ್ಲಿ ತನ್ನ ಹೊಸ ಹೆಡ್ಡಾಫೀಸು ಕಟ್ಟೋಕೆ ಅದನ್ನ ಕೊಂಡುಕೊಳ್ತು.

ಟೋಕಿಯೋ ಸ್ಟೇಷನ್ ಇನ್ನೂ ಚೆನ್ನಾಗಿ ಮಾಡ್ತು. 1914ರ ಕೆಂಪು ಇಟ್ಟಿಗೆ ಕಟ್ಟಡ, ಮೂರು ಅಂತಸ್ತು, ಎರಡು ತುದೀಲಿ ಗುಮ್ಮಟ. 1945ರ ಬಾಂಬ್ ದಾಳಿಯಲ್ಲಿ ಗುಮ್ಮಟಗಳೂ ಮೇಲಿನ ಅಂತಸ್ತೂ ಸುಟ್ಟುಹೋದ್ವು, ಯುದ್ಧ ಮುಗಿದ ಮೇಲೆ ಕೈಲಿ ದುಡ್ಡಿಲ್ಲದೆ ಎರಡು ಅಂತಸ್ತಿಗೆ ಮಾಡು ಹಾಕಿ ಹಾಗೇ ನಡೆಸಿದ್ರು. 2012ರ ಹೊತ್ತಿಗೆ ಅದನ್ನ ಮೊದಲಿದ್ದ ಹಾಗೇ ಮೂರು ಅಂತಸ್ತು, ಗುಮ್ಮಟ ಎಲ್ಲ ಸಮೇತ ನಿಲ್ಲಿಸಿದ್ರು, ಸುಮಾರು 5,000 ಕೋಟಿ ಯೆನ್ ಖರ್ಚು. ಆ ದುಡ್ಡು ಎಲ್ಲಿಂದ ಬಂತು ಅಂದ್ರೆ, ನಿಲ್ದಾಣದ ಮೇಲಿನ ಖಾಲಿ ಆಕಾಶವನ್ನ ಸುತ್ತಮುತ್ತ ಟವರ್ ಕಟ್ಟೋರಿಗೆ ಮಾರಿದ್ದರಿಂದ. ಇವತ್ತು ಸ್ಟೇಷನ್ ಸುತ್ತ ನಿಂತಿರೋ ಎತ್ತರದ ಕಟ್ಟಡಗಳನ್ನ ನೋಡಿ ಹಳೇ ಸ್ಟೇಷನ್ ಕುಳ್ಳಗೆ ಕಾಣುತ್ತಲ್ಲ ಅಂತ ಬೇಜಾರು ಮಾಡ್ಕೊಳ್ಳೋರು ಇದ್ದಾರೆ, ಅವೇ ಟವರ್‌ಗಳ ದುಡ್ಡಲ್ಲೇ ಆ ಗುಮ್ಮಟ ಎದ್ದು ನಿಂತಿರೋದು ಅನ್ನೋದು ಗೊತ್ತಾದ್ರೆ ಅವರಿಗೂ ಆ ನೋಟ ಬೇರೆ ಥರ ಕಾಣಬಹುದು.

ಇದರಲ್ಲಿ ಒಂದು ದೊಡ್ಡ ತೊಡಕಿದೆ, ಅದನ್ನ ಬಿಟ್ಟು ಬರೀ ಹೊಗಳೋದು ಸರಿಯಲ್ಲ. ಆಕಾಶದ ಹಕ್ಕಿಗೆ ಬೆಲೆ ಬರೋದು ಅದು ಬೇರೆ ಕಡೆ ಸುಲಭವಾಗಿ ಸಿಗದೇ ಇದ್ದಾಗ ಮಾತ್ರ. ಸರ್ಕಾರವೇ ಒಂದಿಷ್ಟು ಫೀಸು ಕಟ್ಟಿಸ್ಕೊಂಡು ಎಲ್ಲರಿಗೂ ಎಕ್ಸ್‌ಟ್ರಾ ಎಫ್‌ಎಆರ್ (ಸೈಟಿನ ಅಳತೆಗೆ ತಕ್ಕ ಹಾಗೆ ಎಷ್ಟು ಕಟ್ಟಬಹುದು ಅನ್ನೋ ಮಿತಿ) ಹಂಚಿದ್ರೆ, ಇಲ್ಲಾ ಪ್ಲ್ಯಾನ್ ಮೀರಿ ಎರಡು ಅಂತಸ್ತು ಜಾಸ್ತಿ ಎಬ್ಬಿಸಿದವರಿಗೆ ಆಮೇಲೆ ದಂಡ ಹಾಕಿ ಸಕ್ರಮ ಮಾಡ್ಕೊಟ್ರೆ, ಹಳೇ ಮನೆಯವರ ಹತ್ರ ಬಂದು ಹಕ್ಕು ಕೊಳ್ಳೋ ಬಿಲ್ಡರ್ ಯಾರು ಹೇಳಿ? ಮುಂಬೈ 1995ರಲ್ಲೇ ಹೆರಿಟೇಜ್ ನಿಯಮ ತಂದು, ಕಟ್ಟಡಗಳನ್ನ ಒಂದು ಎರಡು ಮೂರು ಅಂತ ಗ್ರೇಡ್ ಮಾಡಿ, ಟಿಡಿಆರ್ ಕೂಡ ಇಟ್ಟಿತ್ತು, ಇಡೀ ದೇಶಕ್ಕೆ ಅದು ಮೊದಲ ಹೆಜ್ಜೆ. ನಿಯಮ ಇದ್ದರಷ್ಟೇ ಸಾಲದು, ಆ ಹಕ್ಕು ಕೊಳ್ಳೋಕೆ ಬಿಲ್ಡರ್‌ಗೆ ಕಾರಣ ಇರಬೇಕು, ಆ ಕಾರಣ ಹುಟ್ಟೋದು ಉಳಿದ ಕಡೆ ನಿಯಮ ಬಿಗಿಯಾಗಿದ್ದಾಗ. ಹೆರಿಟೇಜ್ ಪ್ರಿಯರು ಅಕ್ರಮ ಸಕ್ರಮದ ವಿಷಯದಲ್ಲಿ ಬಾಯಿ ಬಿಡೋದು ಕಡಿಮೆ, ಅದು ತಮಗೆ ಸಂಬಂಧವಿಲ್ಲದ ವಿಷಯ ಅನ್ನೋ ಹಾಗೆ ಇರ್ತಾರೆ, ಆದ್ರೆ ಹಳೇ ಕಟ್ಟಡದ ಹಣೆಬರಹ ಬರೆಯೋದೇ ಅಲ್ಲಿ.

ಹಳೇದನ್ನ ಉಳಿಸೋದು, ಹೊಸ ಮನೆ ಕಟ್ಟೋದು, ಸಿಂಗಾಪುರ ಈ ಎರಡನ್ನೂ ಒಟ್ಟಿಗೆ ಹಿಡಿದ ಊರು. ಮೊದಲು ಹಳೇದನ್ನ ಬೇಕಾಬಿಟ್ಟಿ ಕೆಡವಿದ್ರು, ನಿಜ. ಆದ್ರೆ 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಾಂಪೊಂಗ್ ಗ್ಲಾಮ್ ಇವುಗಳೂ ಸೇರಿ ಹತ್ತು ಪ್ರದೇಶಗಳನ್ನ ಒಂದೇ ಸಲಕ್ಕೆ ಸಂರಕ್ಷಿತ ಅಂತ ಘೋಷಿಸಿದ್ರು, ಇವತ್ತು 7,000ಕ್ಕೂ ಹೆಚ್ಚು ಕಟ್ಟಡಗಳು ಆ ಪಟ್ಟಿಯಲ್ಲಿವೆ, ಹೆಚ್ಚಿನವು ಕೆಳಗೆ ಅಂಗಡಿ ಮೇಲೆ ಮನೆ ಇರೋ ಶಾಪ್‌ಹೌಸ್‌ಗಳು. ಅದೇ ಊರಲ್ಲಿ ಹತ್ತಿರ ಹತ್ತಿರ 80% ಜನ ಸರ್ಕಾರ ಕಟ್ಟಿಸಿದ ಎತ್ತರದ ಫ್ಲಾಟ್‌ಗಳಲ್ಲಿ ಇದ್ದಾರೆ. ಬೇರೆ ಕಡೆ ಮನೆಗಳನ್ನ ಧಾರಾಳವಾಗಿ ಕಟ್ಟಿದ್ದಕ್ಕೇ ಆ ಕುಳ್ಳ ಕಟ್ಟಡಗಳ ಮೇಲೆ ಒತ್ತಡ ಕಡಿಮೆ ಆಯ್ತು ಅನ್ನೋದು ನನ್ನ ತೀರ್ಮಾನ. ಉಳಿದ ಊರುಗಳು ಸಿಂಗಾಪುರದ ಶಾಪ್‌ಹೌಸ್ ಬಣ್ಣ ನೋಡಿ ಬರ್ತಾರೆ, ಅದರ ಹಿಂದೆ ನಿಂತಿರೋ ಫ್ಲಾಟ್‌ಗಳನ್ನ ನೋಡಲ್ಲ. ಊರಾಚೆಯಲ್ಲೂ, ಸ್ಟೇಷನ್ ಪಕ್ಕದಲ್ಲೂ, ಖಾಲಿ ಬಿದ್ದಿರೋ ಕಾರ್ಖಾನೆ ಜಾಗದಲ್ಲೂ ಮನೆ ಕಟ್ಟೋಕೆ ಬಿಡಿ ಅಂತ ಮೊದಲು ಕೂಗಬೇಕಾದವರು ಹೆರಿಟೇಜ್ ಪ್ರಿಯರೇ.

ಸಮಯದ ಮಾತೂ ಇದೆ. ಪಟ್ಟಿ ಮಾಡೋದಾದ್ರೆ ಬಿಲ್ಡರ್ ಅರ್ಜಿ ಹಾಕೋಕೆ ಮೊದಲೇ ಮಾಡಿಬಿಡಬೇಕು. ಲಂಡನ್ನಿನಲ್ಲಿ 1928ರ ಫೈರ್‌ಸ್ಟೋನ್ ಟೈರ್ ಫ್ಯಾಕ್ಟರಿ ಅಂತ ಆರ್ಟ್ ಡೆಕೋ ಶೈಲಿಯ ಒಂದು ಚೆಂದದ ಕಟ್ಟಡ ಇತ್ತು, 1980ರ ಆಗಸ್ಟ್‌ನಲ್ಲಿ ಅದನ್ನ ಪಟ್ಟಿಗೆ ಸೇರಿಸೋ ತಯಾರಿ ನಡೀತಿದ್ದಾಗಲೇ, ಆಫೀಸುಗಳಿಗೆ ರಜೆ ಇದ್ದ ವಾರಾಂತ್ಯ ನೋಡ್ಕೊಂಡು ಮುಂಭಾಗವನ್ನ ಒಡೆದು ಹಾಕಿದ್ರು. 2015ರಲ್ಲಿ ಅದೇ ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಅನ್ನೋ ಪಬ್ಬಿಗೂ ಹಾಗೇ ಆಯ್ತು, ಫ್ಲಾಟ್ ಕಟ್ಟೋಕೆ ಪರ್ಮಿಷನ್ ಸಿಕ್ಕಿರಲಿಲ್ಲ, ಪಟ್ಟಿಗೆ ಸೇರೋಕೆ ಇನ್ನೇನು ಕೆಲವೇ ದಿನ, ದಿಢೀರಂತ ಜೆಸಿಬಿ ಬಂತು. ಆದ್ರೆ ಈ ಸಲ ನಗರಸಭೆ ಪಟ್ಟು ಬಿಡಲಿಲ್ಲ, ಹೇಗಿತ್ತೋ ಹಾಗೇ ಇಟ್ಟಿಗೆಗೆ ಇಟ್ಟಿಗೆ ಇಟ್ಟು ಮತ್ತೆ ಕಟ್ಟಿ ಅಂತ ಆರ್ಡರ್ ಮಾಡ್ತು. ಅದಕ್ಕೂ ಮೊದಲೇ ಕಟ್ಟಡದ ಅಳತೆ, ಫೋಟೋ, ಅಚ್ಚು ಎಲ್ಲ ತೆಗೆದಿಟ್ಟಿದ್ದರಿಂದ ಅದು ಸಾಧ್ಯವಾಯ್ತು, 2021ರಲ್ಲಿ ಮತ್ತೆ ಬಾಗಿಲು ತೆರೀತು. ದಂಡ ಹಾಕಿ ಬಿಟ್ಟಿದ್ರೆ ಆ ದಂಡವನ್ನ ಫ್ಲಾಟಿನ ರೇಟಿಗೆ ಸೇರಿಸಿ ಮುಗಿಸ್ತಿದ್ರು. ಬಿಲ್ಡರ್‌ಗಳಿಗೂ ಮೊದಲೇ ಗೊತ್ತಿರೋದೇ ಒಳ್ಳೇದು, ಸೈಟಿಗೆ ಅಡ್ವಾನ್ಸ್ ಕೊಟ್ಟು, ಬ್ಯಾಂಕಿಂದ ಸಾಲ ಎತ್ತಿ, ಪ್ಲ್ಯಾನ್ ಮಾಡಿಸಿದ ಮೇಲೆ ಇದು ಹೆರಿಟೇಜ್ ಅಂದ್ರೆ ಅವರಾದ್ರೂ ಏನು ಮಾಡ್ತಾರೆ.

ಮತ್ತೆ ಪಟ್ಟಿಯಲ್ಲಿ ಎಲ್ಲವೂ ಒಂದೇ ತೂಕದ್ದಾಗಿರಬಾರದು. ಇಂಗ್ಲೆಂಡಿನ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ, ಅದರಲ್ಲಿ ಅತ್ಯುನ್ನತ ಗ್ರೇಡ್ ಒಂದಕ್ಕೆ ಸೇರಿದ್ದು 2.5% ಮಾತ್ರ, 90%ಗಿಂತ ಜಾಸ್ತಿ ಗ್ರೇಡ್ ಎರಡು. ಗ್ರೇಡ್ ಎರಡು ಅಂದ್ರೆ ಮುಟ್ಟಲೇಬಾರದು ಅಂತ ಅರ್ಥ ಅಲ್ಲ, ಮುಟ್ಟೋಕೆ ಮೊದಲು ಬಂದು ಕೇಳಿ, ಮಾತಾಡೋಣ ಅಂತ. ನನ್ನ ಪ್ರಕಾರ ಹೆಚ್ಚಿನ ಹಳೇ ಕಟ್ಟಡಗಳಿಗೆ ಬೇಕಾಗಿರೋದು ಇದೇ. ಹಿಂದಿನ ಹಿತ್ತಲಲ್ಲಿ ಹತ್ತು ಅಂತಸ್ತು ಬರಲಿ, ಮುಂದಿನ ಮನೆ ಉಳೀಲಿ, ಮೆಟ್ಟಿಲು, ಅಂಗಳ, ಮರದ ಕೆಲಸ ಉಳೀಲಿ, ಅಡುಗೆಮನೆ ಬಾತ್‌ರೂಮ್ ಬದಲಾಗಲಿ. ಜನ ವಾಸ ಮಾಡದ ಮನೆ ಉಳಿಯಲ್ಲ.

ಬರೀ ಮುಂದಿನ ಗೋಡೆ ನಿಲ್ಲಿಸ್ಕೊಂಡು ಹಿಂದೆ ಟವರ್ ಎಬ್ಬಿಸೋ ಪದ್ಧತಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಗಮನ ಇಟ್ಟು ನೋಡಿದ್ರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತೆ, ಹಳೇ ಮನೆಯ ಒಂದು ಅಂತಸ್ತು ಹದಿನಾಲ್ಕು ಅಡಿ ಎತ್ತರ, ಹೊಸ ಫ್ಲಾಟಿನದ್ದು ಹತ್ತು ಅಡಿ, ಹಾಗಾಗಿ ಉದ್ದನೆಯ ಹಳೇ ಕಿಟಕಿಯ ನಡುವೆ ಹೊಸ ಸ್ಲ್ಯಾಬ್ ಅಡ್ಡಡ್ಡ ಹೋಗಿರುತ್ತೆ. ಒಳಗೆ ಯಾವ ರೂಮಿಗೂ ಆ ಕಿಟಕಿ ಪೂರ್ತಿ ಸಿಗಲ್ಲ, ಹೊರಗಿನವರಿಗೆ ಕಿಟಕಿಯ ಹಿಂದೆ ಕಾಂಕ್ರೀಟಿನ ಅಂಚು ಕಾಣುತ್ತೆ. ಇದಕ್ಕೆ ಹೋಲಿಸಿದ್ರೆ ವಿಯೆನ್ನಾದ ಗ್ಯಾಸೋಮೀಟರ್‌ಗಳು ಎಷ್ಟೋ ಮೇಲು. 1899ರ ಹೊತ್ತಿಗೆ ಕಟ್ಟಿದ ನಾಲ್ಕು ದೈತ್ಯ ಇಟ್ಟಿಗೆ ಗೋಪುರಗಳು, ಗ್ಯಾಸ್ ತುಂಬಿಡೋಕೆ. ಕೆಲಸ ನಿಂತ ಮೇಲೆ ಖಾಲಿ ಬಿದ್ದಿದ್ವು, 2001ರ ಹೊತ್ತಿಗೆ ಒಳಗೆ ನೂರಾರು ಫ್ಲಾಟ್ ಬಂದ್ವು, ಒಂದಕ್ಕಂತೂ ಹೊರಗಡೆ ಒಂದು ಹೊಸ ಟವರ್ ಅಂಟಿಸಿದ್ದಾರೆ, ಹೊಸದು ಹೊಸದಾಗೇ ಕಾಣುತ್ತೆ, ಹಳೇದು ಹಳೇದಾಗೇ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲೂ ಹಳೇ ಗ್ಯಾಸ್ ಟ್ಯಾಂಕಿನ ಎರಕದ ಕಬ್ಬಿಣದ ಮೂರು ಚೌಕಟ್ಟುಗಳನ್ನ ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ನಿಲ್ಲಿಸಿ, ಅದರೊಳಗೆ 145 ಫ್ಲಾಟ್ ಕಟ್ಟಿದ್ದಾರೆ. ಬ್ರಸೆಲ್ಸ್‌ನವರು ಬಿಚ್ಚಿದ್ದೂ ಕಬ್ಬಿಣವೇ, ಇವರು ಬಿಚ್ಚಿದ್ದೂ ಕಬ್ಬಿಣವೇ, ಆದ್ರೆ ಇಲ್ಲಿ ಮತ್ತೆ ಜೋಡಿಸೋ ಜಾಗ, ದುಡ್ಡು, ಅದರೊಳಗೆ ಇರೋಕೆ ಬರೋ ಜನ ಎಲ್ಲ ಮೊದಲೇ ನಿಗದಿಯಾಗಿತ್ತು.

ಪಕ್ಕದ ಸೈಟಲ್ಲಿ ಅಪಾರ್ಟ್‌ಮೆಂಟ್ ಏಳೋವಾಗ ಹಳೇ ಕಟ್ಟಡಕ್ಕೆ ಆಗೋ ಪೆಟ್ಟಿನ ಬಗ್ಗೆ ಯಾರೂ ಹೆಚ್ಚು ಬರೆಯಲ್ಲ. ಎರಡು ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಪ್ಪತ್ತು ಇಪ್ಪತ್ತೈದು ಅಡಿ ಅಗೀತಾರೆ, ಗುಂಡಿಗೆ ನೀರು ಬರುತ್ತೆ, ಹಗಲೂ ರಾತ್ರಿ ಪಂಪ್ ಹಾಕಿ ನೀರು ಎತ್ತುತಾರೆ. ಆಗ ಬರೀ ಆ ಗುಂಡಿಯ ನೀರು ಹೋಗಲ್ಲ, ಅಕ್ಕಪಕ್ಕದ ಮಣ್ಣಿನ ನೀರೂ ಇಳಿಯುತ್ತೆ, ಮಣ್ಣು ಕುಗ್ಗುತ್ತೆ, ಅದರ ಮೇಲೆ ಕೂತಿರೋ ಹಳೇ ಮನೆಯ ಪಾಯ ಒಂದು ಮೂಲೆಯಲ್ಲಿ ಕುಸಿಯುತ್ತೆ. ಪಿಲ್ಲರ್ ಮೇಲೆ ನಿಂತ ಹೊಸ ಕಟ್ಟಡ ಆಗಿದ್ರೆ ಸ್ವಲ್ಪ ತಡ್ಕೊಳ್ಳುತ್ತೆ, ಇದು ಗೋಡೆಯೇ ಭಾರ ಹೊರೋ ಕಟ್ಟಡ, ಆಳವಿಲ್ಲದ ಪಾಯ, ಸೀದಾ ಬಿರುಕು ಬಿಡುತ್ತೆ. ಇದನ್ನ ಗಮನಿಸೋಕೆ ಒಂದು ಹಳೇ ಉಪಾಯ ಇದೆ, ಬಿರುಕಿನ ಎರಡೂ ಬದಿಗೆ ಅಂಟುವ ಹಾಗೆ ಗಾಜಿನ ಒಂದು ತೆಳು ಪಟ್ಟಿ ಅಂಟಿಸಿ ತಾರೀಕು ಬರೆದಿಡೋದು. ಗೋಡೆ ಕೂದಲೆಳೆಯಷ್ಟು ಅಲುಗಾಡಿದ್ರೂ ಗಾಜು ಸೀಳುತ್ತೆ, ಸೀಳಿದ್ರೆ ಗೋಡೆ ಇನ್ನೂ ಚಲಿಸ್ತಿದೆ ಅಂತ ಅರ್ಥ, ಗಾಜು ಹಾಗೇ ಇದ್ರೆ ಅದು ಹಳೇ ಬಿರುಕು, ಹೆದರಬೇಕಾಗಿಲ್ಲ. ಈಗ ಅದಕ್ಕೆ ಗೆರೆ ಹಾಕಿದ ಪ್ಲಾಸ್ಟಿಕ್ ಪಟ್ಟಿಗಳು, ಸೆನ್ಸರ್‌ಗಳು ಬಂದಿವೆ. ಅಗೆಯೋಕೆ ಮೊದಲು ಪಕ್ಕದ ಹಳೇ ಕಟ್ಟಡದ ಫೋಟೋ ಸಮೇತ ಸರ್ವೆ ಆಗಬೇಕು, ಅಗೆಯೋವಾಗ ವಾರವಾರ ಅಳತೆ ಆಗಬೇಕು, ಇಂತಿಷ್ಟು ಮಿಲಿಮೀಟರ್ ದಾಟಿದ್ರೆ ಕೆಲಸ ನಿಲ್ಲಬೇಕು, ಖರ್ಚೆಲ್ಲ ಅಗೆಯೋರದ್ದು. ಫ್ಲಾಟಿನ ಒಟ್ಟು ವೆಚ್ಚದಲ್ಲಿ ಇದು ಲೆಕ್ಕಕ್ಕೇ ಬರದಷ್ಟು ಸಣ್ಣ ಮೊತ್ತ.

ಪರಿಸರದ ಲೆಕ್ಕವನ್ನೂ ಹೇಳಿಬಿಡ್ತೀನಿ. ಜಗತ್ತಿನ ಒಟ್ಟು ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು 7-8% ಬರೋದು ಸಿಮೆಂಟ್ ತಯಾರಿಕೆಯಿಂದ. ನಿಂತಿರೋ ಕಟ್ಟಡದಲ್ಲಿ ಆ ಹೊಗೆ ಯಾವತ್ತೋ ಹೋಗಿ ಮುಗಿದಿದೆ, ಕೆಡವಿ ಕಟ್ಟಿದ್ರೆ ಮತ್ತೆ ಮೊದಲಿಂದ.

ಕೊನೆಗೆ ಒಂದು ವಿಷಯ, ಎಲ್ಲ ಸರಿಹೋದ ಮೇಲೆ ಬರೋದು. ಬಿಲ್ಡರ್ ಒಪ್ಪಿದ್ರು, ಹಳೇ ಮನೆಯನ್ನ ಚೆನ್ನಾಗಿ ದುರಸ್ತಿ ಮಾಡಿ ಅಪಾರ್ಟ್‌ಮೆಂಟಿನ ಲೈಬ್ರರಿನೋ ಕ್ಲಬ್‌ಹೌಸೋ ಮಾಡಿ, ಬ್ರೋಷರಲ್ಲಿ ಅದರದ್ದೇ ಫೋಟೋ ಹಾಕಿ ಫ್ಲಾಟ್ ಮಾರಿ ಹೋದ್ರು. ಐದಾರು ವರ್ಷಕ್ಕೆ ಅಸೋಸಿಯೇಷನ್ ಮೀಟಿಂಗಲ್ಲಿ ಆ ಕಟ್ಟಡದ ಮಾಡು ರಿಪೇರಿಗೆ ದುಡ್ಡು ಕೇಳಿದ್ರೆ ಯಾರು ಕೈ ಎತ್ತುತಾರೆ? ನೆದರ್‌ಲ್ಯಾಂಡ್ಸ್‌ನಲ್ಲಿ ಮೊನ್ಯುಮೆಂಟನ್‌ವಾಕ್ಟ್ ಅಂತ ಒಂದು ಸಂಸ್ಥೆ ಇದೆ, 1973ರಿಂದ ನಡೀತಿದೆ. ಹಳೇ ಕಟ್ಟಡದವರು ಅದಕ್ಕೆ ಚಂದಾದಾರರಾಗ್ತಾರೆ, ಅದರ ಇನ್‌ಸ್ಪೆಕ್ಟರ್‌ಗಳು ಕಾಲಕಾಲಕ್ಕೆ ಟೂಲ್ ಬಾಕ್ಸ್, ಹಗ್ಗ ಎಲ್ಲ ತಗೊಂಡು ಬಂದು ಮಾಡು ಹತ್ತಿ, ಜರುಗಿದ ಹೆಂಚು, ಕಟ್ಟಿಕೊಂಡ ದೋಣಿ ಇವನ್ನೆಲ್ಲ ಅಲ್ಲೇ ಸರಿ ಮಾಡಿ, ದೊಡ್ಡ ಕೆಲಸ ಏನಿದೆ, ಯಾವುದು ಅರ್ಜೆಂಟು, ಯಾವುದು ಮುಂದಿನ ವರ್ಷಕ್ಕೆ ಬಿಡಬಹುದು ಅಂತ ರಿಪೋರ್ಟ್ ಬರೆದು ಕೊಟ್ಟು ಹೋಗ್ತಾರೆ. ತೊಲೆಯ ತುದಿ ಕೊಳೆಯೋಕೆ ಮೊದಲೇ ಹೆಂಚು ಸರಿ ಮಾಡೋ ಈ ಕೆಲಸಕ್ಕೆ ತೀರಾ ದೊಡ್ಡ ದುಡ್ಡೇನೂ ಬೇಕಾಗಲ್ಲ. ಲಿಫ್ಟಿಗೆ, ಜನರೇಟರ್‌ಗೆ ವರ್ಷವರ್ಷ ಎಎಂಸಿ (ನಿರ್ವಹಣೆ ಕರಾರಿನ ದುಡ್ಡು) ಕಟ್ಟೋ ಮನೆಗಳವರು ಇದಕ್ಕೂ ಒಂದು ಕಟ್ಟಬಹುದು, ಫ್ಲಾಟ್ ಮಾರೋಕೆ ಮೊದಲೇ ಬಿಲ್ಡರ್ ಕೈಯಿಂದ ಒಂದು ನಿಧಿ ಇಡಿಸಿ ಸೇಲ್ ಡೀಡಲ್ಲೇ ಈ ಷರತ್ತು ಬರೆಸಿಬಿಟ್ರೆ, ಆಮೇಲೆ ಮೀಟಿಂಗಲ್ಲಿ ಕೈ ಎತ್ತಿಸೋ ಪ್ರಶ್ನೇನೇ ಬರಲ್ಲ.